ನಕ್ಷೆ ಎಲ್ಲರಿಗೂ ಕೊಟ್ಟು, ಬೋರ್ಡು ಮಾರಿ ಬದುಕಬಹುದೇ? ನನ್ನ ಫೇಸ್ ಅಲಾರಂ ಕಥೆ

ತೆಂಗಿನತೋಪು (ತಿಪಟೂರು)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಹದಿನೈದು ದಿನದಿಂದ ತಲೆ ತಿನ್ನುತ್ತಿದೆ. ಇಲ್ಲಿ ಎಲೆಕ್ಟ್ರಾನಿಕ್ಸ್ ಬೋರ್ಡು ಮಾಡುವವರೂ ಇದ್ದೀರಿ, ಮಾರುವವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ, ಅದೂ ಪಾಳಿಯಲ್ಲಿ. ಕೆಲವು ದಿನ ಹಗಲು, ಕೆಲವು ದಿನ ನಡುರಾತ್ರಿ. ಅಪ್ಪ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತಿದ್ದರು. ಕರೆಂಟ್ ಬಂದಿರುತ್ತಿರಲಿಲ್ಲ, ವಾಪಸ್ ಬರುತ್ತಿದ್ದರು. ಅದನ್ನು ನೋಡಿ ನೋಡಿ ಒಂದು ಸಣ್ಣ ಬೋರ್ಡು ಮಾಡಿದೆ. ಮೂರೂ ಫೇಸ್ ಸರಿಯಾಗಿ ಬಂದರೆ ಮೊಬೈಲಿಗೆ ಒಂದು ಮಿಸ್ಡ್ ಕಾಲ್. ನಡುವೆ ಒಂದು ಫೇಸ್ ಹೋದರೆ ಎರಡು ಮಿಸ್ಡ್ ಕಾಲ್. ಅಷ್ಟೇ ಕೆಲಸ. ಮೋಟರ್ ಆನ್ ಮಾಡುವುದಿಲ್ಲ, ಆಫ್ ಮಾಡುವುದಿಲ್ಲ.

ಸರ್ಕ್ಯೂಟ್, ಬೋರ್ಡಿನ ಫೈಲು, ಗರ್ಬರ್ (ಬೋರ್ಡು ಅಚ್ಚು ಮಾಡಿಸಲು ಕೊಡುವ ಫೈಲು), ಕೋಡ್ ಎಲ್ಲವನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಗಿಟ್‌ಹಬ್‌ನಲ್ಲಿ ಹಾಕಿದೆ. ನಾನು ಕಲಿತದ್ದೇ ಬೇರೆಯವರು ಹಾಗೆ ಹಾಕಿದ್ದನ್ನು ನೋಡಿ. ಆರ್ಡುಯಿನೋ ಅನ್ನುವ ಕಲಿಯುವವರ ಬೋರ್ಡಿನ ನಕ್ಷೆ ಬಿಡಿಸಿ ನೋಡದೇ ಇದ್ದಿದ್ದರೆ ವೋಲ್ಟೇಜ್ ರೆಗ್ಯುಲೇಟರ್ ಪಕ್ಕದಲ್ಲಿ ಕೆಪಾಸಿಟರ್ ಯಾಕೆ ಬೇಕು ಅಂತಲೂ ನನಗೆ ಗೊತ್ತಾಗುತ್ತಿರಲಿಲ್ಲ. ಪಡೆದದ್ದನ್ನು ಕೊಡಬೇಕು ಅನ್ನಿಸಿತು, ಕೊಟ್ಟೆ. ಜೊತೆಗೆ ನಾನೇ ಮಾಡಿ ಮಾರಲು ಶುರು ಮಾಡಿದೆ. 2,200 ರೂಪಾಯಿಯಂತೆ ಎರಡು ವರ್ಷದಲ್ಲಿ 64 ಪೀಸ್ ಹೋದವು.

ಹೋದ ತಿಂಗಳು ಗುಬ್ಬಿ ಕಡೆಯಿಂದ ಒಬ್ಬರು ಫೋನ್ ಮಾಡಿ ಬೈದರು. ‘ನಿಮ್ಮ ಬೋರ್ಡು ಸುಟ್ಟುಹೋಗಿದೆ’ ಅಂದರು. ಆ ಊರಿಗೆ ನಾನು ಮಾರಿಯೇ ಇಲ್ಲ. ಫೋಟೋ ಕಳಿಸಿ ಅಂದೆ. ನೋಡಿದರೆ ನನ್ನದೇ ಬೋರ್ಡು, ನನ್ನ ಮೊದಲನೇ ಆವೃತ್ತಿ! ಯಾರೋ ಗರ್ಬರ್ ಫೈಲನ್ನು ಹಾಗೆಯೇ ಕೊಟ್ಟು ಅಚ್ಚು ಮಾಡಿಸಿದ್ದಾರೆ. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿದ್ದ ನನ್ನ ಫೋನ್ ನಂಬರನ್ನೂ ತೆಗೆದಿಲ್ಲ. ಆ ಆವೃತ್ತಿಯಲ್ಲಿ ಸಿಡಿಲು, ಸರ್ಜ್ ತಡೆಯುವ ವೇರಿಸ್ಟರ್ ಇರಲಿಲ್ಲ. ಮೂರನೇ ಆವೃತ್ತಿಯಲ್ಲಿ ಅದನ್ನು ಸರಿ ಮಾಡಿದ್ದೆ. ಫೋರ್‌ಜಿ ಮಾಡ್ಯೂಲ್ ಬದಲು ಹಳೆಯ ಟೂಜಿ ಮಾಡ್ಯೂಲ್ ಬೇರೆ ಹಾಕಿದ್ದಾರೆ, ಜಿಯೋ ಸಿಮ್ ಅದರಲ್ಲಿ ನಡೆಯುವುದೇ ಇಲ್ಲ. ಅಂಗಡಿಯಲ್ಲಿ ಬೆಲೆ 1,500. ಆಮೇಲೆ ಇಂಥ ಫೋನು ಇನ್ನೂ ಹದಿಮೂರು ಬಂದವು.

ಕೆಸರು ನನ್ನ ಕೈಗೆ, ಮೊಸರು ಬೇರೆಯವರ ಬಾಯಿಗೆ. ಮುಂದಿನ ಆವೃತ್ತಿಯನ್ನು ಮುಚ್ಚಿಡಬೇಕಾ? ಮುಕ್ತವಾಗಿಟ್ಟು ಹೊಟ್ಟೆ ತುಂಬಿಸಿಕೊಂಡವರು ಯಾರಾದರೂ ನಿಜವಾಗಿಯೂ ಇದ್ದಾರಾ? ಮನಸ್ಸಿಗೆ ತುಂಬಾ ನೋವಾಗಿದೆ, ನೇರವಾಗಿ ಹೇಳಿ.

ನಿಲ್ದಾಣ4 (ಬೆಂಗಳೂರು)

ಮುಚ್ಚಿಡಿ. ಇದರಲ್ಲಿ ಯೋಚನೆ ಮಾಡುವುದೇನಿಲ್ಲ. ಚಿಪ್ಪಿನ ಮೇಲಿನ ನಂಬರ್ ಉಜ್ಜಿ ಅಳಿಸಿ, ಮೇಲೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಸುರಿಯಿರಿ.

ತಾಮ್ರತಂತಿ (ಮೈಸೂರು)

ಎಪಾಕ್ಸಿ ಸುರಿದರೆ ರಿಪೇರಿ ಮಾಡುವವರ ಕೈ ಕಟ್ಟುತ್ತೇವೆ. ನಕಲು ಮಾಡುವವರ ಕೈ ಕಟ್ಟುವುದಿಲ್ಲ. ಎರಡು ಪದರದ ಬೋರ್ಡನ್ನು ಸ್ಕ್ಯಾನ್ ಮಾಡಿ ಮತ್ತೆ ಬಿಡಿಸಲು ಗೊತ್ತಿರುವವರಿಗೆ ಎರಡು ದಿನ ಸಾಕು.

‘ಯಾರಾದರೂ ಇದ್ದಾರಾ’ ಅಂತ ಕೇಳಿದ್ದೀರಿ. ದೂರ ಹೋಗುವುದು ಬೇಡ, ಹೈದರಾಬಾದಿಗೆ ಬನ್ನಿ. ನಾನು ಹ್ಯಾಮ್ ರೇಡಿಯೋದವಳು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವಳು, ಹಾಗಾಗಿ ಈ ಕಥೆ ನನಗೆ ಮನೆಯ ಕಥೆಯಿದ್ದಂತೆ. ಅಶ್ಹರ್ ಫರ್ಹಾನ್, ನಮ್ಮ ಬಳಗದಲ್ಲಿ ಅವರ ಕರೆಹೆಸರು ವಿಯು2ಇಎಸ್‌ಇ. ಹೊರಗಿನಿಂದ ತರಿಸುವ ರೇಡಿಯೋ ಲಕ್ಷದ ಹತ್ತಿರ ಹೋಗುತ್ತದೆ, ಲೈಸೆನ್ಸ್ ತೆಗೆದುಕೊಂಡ ಎಷ್ಟೋ ಹುಡುಗರು ರೇಡಿಯೋ ಇಲ್ಲದೆ ಸುಮ್ನೆ ಕೂರುತ್ತಾರೆ. ಅಂಥವರಿಗಾಗಿ ಅವರು ಬಿಟ್‌ಎಕ್ಸ್ ಅನ್ನುವ ಟ್ರಾನ್ಸೀವರ್ (ಕೇಳುವುದು, ಮಾತಾಡುವುದು ಎರಡೂ ಆಗುವ ರೇಡಿಯೋ) ವಿನ್ಯಾಸ ಮಾಡಿ ನಕ್ಷೆಯನ್ನು ಎಲ್ಲರಿಗೂ ಕೊಟ್ಟರು. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ಅದರ ಬುದ್ಧಿವಂತಿಕೆ ನೋಡಿ: ಕೇಳುವುದಕ್ಕೂ ಮಾತಾಡುವುದಕ್ಕೂ ಅದೇ ಆಂಪ್ಲಿಫೈಯರ್, ಸಿಗ್ನಲ್ ಎರಡೂ ಕಡೆಗೆ ಹರಿಯುತ್ತದೆ. ಹಾಗಾಗಿ ಬಿಡಿಭಾಗ ಎಷ್ಟೋ ಕಡಿಮೆ. ಎಲ್ಲೆಡೆ ಸಿಗುವ ಸಾದಾ ಟ್ರಾನ್ಸಿಸ್ಟರ್‌ಗಳು. ಕಾಯಿಲ್ ಸುತ್ತಲು ಕೋರ್ ಸಿಗದಿದ್ದರೆ ನಲ್ಲಿಯ ವಾಷರ್ ಮೇಲೆ ಸುತ್ತಿ ಅಂತ ತೋರಿಸಿಕೊಟ್ಟರು! ನಮ್ಮಲ್ಲಿ ಎಷ್ಟೋ ಜನ ಹಾಗೇ ಮಾಡಿದೆವು. ನನ್ನ ಮೊದಲ ಬಿಟ್‌ಎಕ್ಸ್‌ನಲ್ಲಿ ಇವತ್ತಿಗೂ ಆ ವಾಷರ್ ಇದೆ.

ಆಮೇಲೆ ಅವರು ಎಚ್‌ಎಫ್ ಸಿಗ್ನಲ್ಸ್ ಅನ್ನುವ ಸಣ್ಣ ಸಂಸ್ಥೆ ಕಟ್ಟಿ, ಜೋಡಿಸಿದ ಬೋರ್ಡುಗಳನ್ನೇ ಮಾರಲು ಶುರು ಮಾಡಿದರು. 2016ರಲ್ಲಿ ಬಿಟ್‌ಎಕ್ಸ್40 ಬಂತು. 2017ರ ಕೊನೆಗೆ ಮೈಕ್ರೋಬಿಟ್‌ಎಕ್ಸ್ ಬಂತು: 3ರಿಂದ 30 ಮೆಗಾಹರ್ಟ್ಸ್, ಸುಮಾರು 10 ವಾಟ್, ಶುರುವಿನ ಬೆಲೆ 109 ಡಾಲರ್. ಅದರೊಳಗಿನ ಮೆದುಳು ಆರ್ಡುಯಿನೋ ನ್ಯಾನೋ. ಒಬ್ಬರ ಮುಕ್ತ ಬೋರ್ಡಿನ ಮೇಲೆ ಇನ್ನೊಬ್ಬರ ಮುಕ್ತ ಬೋರ್ಡು ನಿಂತದ್ದು ಹೀಗೆ. ಕಾಯಿಲ್‌ಗಳನ್ನು ಕೈಯಲ್ಲಿ ಸುತ್ತುತ್ತಿದ್ದದ್ದು ಅಲ್ಲಿನ ಹೆಂಗಸರ ಗುಂಪು. ಆಗ ಪೆಟ್ಟಿಗೆ ಕೊಡುತ್ತಿರಲಿಲ್ಲ, ಅದನ್ನು ಕೊಂಡವರೇ ಮಾಡಿಕೊಳ್ಳಬೇಕಿತ್ತು. ನಕ್ಷೆ, ಕೋಡ್ ಎಲ್ಲವೂ ಬಯಲಿನಲ್ಲಿದೆ. ಆದರೂ ಅಮೆರಿಕ, ಯುರೋಪಿನ ಹ್ಯಾಮ್‌ಗಳು ಹೈದರಾಬಾದಿನಿಂದಲೇ ತರಿಸಿಕೊಂಡರು.

ಯಾಕೆ ಅಂತ ನೀವು ಕೇಳಬೇಕು. ಮೈಕ್ರೋಬಿಟ್‌ಎಕ್ಸ್‌ನ ಮೊದಲ ಆವೃತ್ತಿಗಳಲ್ಲಿ ಒಂದು ತೊಂದರೆ ಇತ್ತು. ನಮಗೆ ಬೇಕಾದ ಫ್ರೀಕ್ವೆನ್ಸಿಯ ಜೊತೆ ಬೇಡದ ಹಾರ್ಮೋನಿಕ್‌ಗಳೂ ಆಂಟೆನಾಕ್ಕೆ ಹೋಗುತ್ತಿದ್ದವು, ನಿಯಮ ಒಪ್ಪುವುದಕ್ಕಿಂತ ಜಾಸ್ತಿ. ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಕೊಂಡವರು ಬೈದು ಮೂಲೆಗೆ ಎಸೆಯುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಅಳೆಯುವ ಯಂತ್ರ ಇದ್ದವರು ಬೇರೆ ಬೇರೆ ದೇಶದಲ್ಲಿ ಅಳೆದರು, ಫಿಲ್ಟರ್ ರಿಲೇಗಳ ಸುತ್ತ ಸಿಗ್ನಲ್ ಸೋರುತ್ತಿದೆ ಅಂತ ಹುಡುಕಿದರು, ಪರಿಹಾರ ಬರೆದು ಹಾಕಿದರು. 2019ರ ಐದನೇ ಆವೃತ್ತಿಯಲ್ಲಿ ಆ ಪಾಠವೆಲ್ಲ ಬೋರ್ಡಿನೊಳಗೇ ಬಂತು. ಅಷ್ಟು ಜನ ಎಂಜಿನಿಯರ್‌ಗಳಿಗೆ ಸಂಬಳ ಕೊಡಲು ಸಣ್ಣ ಸಂಸ್ಥೆಗೆ ಎಲ್ಲಿ ಆಗುತ್ತದೆ? ನಕ್ಷೆ ಕೊಟ್ಟದ್ದಕ್ಕೆ ಸಿಕ್ಕ ಪ್ರತಿಫಲ ಅದು.

ಮಿಣುಕುಹುಳು (ಹೊಸೂರು)

ತಾಮ್ರತಂತಿ ಮೇಡಂ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಹ್ಯಾಮ್‌ಗಳು ಬೇರೆ ಥರದ ಗಿರಾಕಿಗಳು. ಬೋರ್ಡಿನಲ್ಲಿ ತೊಂದರೆ ಸಿಕ್ಕರೆ ಅವರಿಗೆ ಖುಷಿಯಾಗುತ್ತದೆ! ತಿಪಟೂರಿನ ರೈತರಿಗೆ ಆ ಖುಷಿ ಬೇಡ. ಅವರಿಗೆ ರಾತ್ರಿ ಎರಡು ಗಂಟೆಗೆ ಮಿಸ್ಡ್ ಕಾಲ್ ಬರಬೇಕು, ಅಷ್ಟೇ.

ನಾನು ಶಾಲೆ ಮಕ್ಕಳಿಗೆ ಒಂದು ರೋಬೋಟ್ ಬೋರ್ಡು ಮಾಡಿದ್ದೆ. ಎಲ್ಲ ಮುಕ್ತ. ಎರಡು ವರ್ಷ ಚೆನ್ನಾಗಿ ನಡೆಯಿತು, ನಾನು ಮತ್ತು ಇಬ್ಬರು ಹುಡುಗರು. ಆಮೇಲೆ ದೊಡ್ಡ ಮಾರಾಟಗಾರರೊಬ್ಬರು ಅದೇ ನಕ್ಷೆಯಿಂದ ಸಾವಿರಗಟ್ಟಲೆ ಮಾಡಿಸಿದರು. ಅವರು ಮಾರುತ್ತಿದ್ದ ಬೆಲೆಗೆ ನನಗೆ ಬಿಡಿಭಾಗವೂ ಸಿಗುತ್ತಿರಲಿಲ್ಲ. ಗುಣಮಟ್ಟವೂ ಕೆಟ್ಟದಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಇಬ್ಬರು ಹುಡುಗರಿಗೂ ಬೇರೆ ಕೆಲಸ ನೋಡಿಕೊಳ್ಳಿ ಅಂತ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಈಗ ಕಾರ್ಖಾನೆಯಲ್ಲಿ ಸಂಬಳಕ್ಕಿದ್ದೇನೆ.

ನಿಮ್ಮ ಲೋಕದಿಂದಲೇ ಉದಾಹರಣೆ ಕೊಡಲಾ? ನ್ಯಾನೋವಿಎನ್‌ಎ. ಆಂಟೆನಾ ಅಳೆಯುವ ಆ ಪುಟ್ಟ ಯಂತ್ರ ಜಪಾನಿನ ಹವ್ಯಾಸಿಯೊಬ್ಬರ ಮುಕ್ತ ವಿನ್ಯಾಸ. ಇವತ್ತು ಲೋಕವೆಲ್ಲ ಕೊಳ್ಳುತ್ತಿರುವುದು ಚೀನಾದಲ್ಲಿ ಮಾಡಿದ್ದನ್ನು. ಎಷ್ಟೋ ಜನರ ಕೈಗೆ ಅಂಥ ಯಂತ್ರ ಬಂತು, ಒಳ್ಳೆಯದೇ. ಆದರೆ ಪ್ರಶ್ನೆ ‘ಲೋಕಕ್ಕೆ ಒಳ್ಳೆಯದಾಯಿತಾ’ ಅಂತ ಅಲ್ಲ, ‘ಮಾಡಿದವರ ಹೊಟ್ಟೆ ತುಂಬಿತಾ’ ಅಂತ ಅಲ್ವಾ?

ತಾಮ್ರತಂತಿ (ಮೈಸೂರು)

ನಿಮ್ಮ ಅನುಭವ ಓದಿ ಬೇಜಾರಾಯಿತು. ಆ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ನ್ಯಾನೋವಿಎನ್‌ಎ ಪೂರ್ತಿ ಯಂತ್ರದಲ್ಲೇ ಜೋಡಿಸುವ ವಸ್ತು. ಹೈದರಾಬಾದಿನ ಬೋರ್ಡಿಗೆ ಕೈ ಬೇಕು, ಕಾಯಿಲ್ ಸುತ್ತಬೇಕು, ಸುತ್ತಿದ್ದನ್ನು ಪರೀಕ್ಷೆ ಮಾಡಬೇಕು. ಯಾವುದರಲ್ಲಿ ಕೈಕೆಲಸ ಜಾಸ್ತಿ, ಅದನ್ನು ನಕಲು ಮಾಡುವವರಿಗೂ ಖರ್ಚು ಜಾಸ್ತಿ.

ಎರಡನೇಪಾಳಿ (ಪೀಣ್ಯ)

ಎಲ್ಲರೂ ನಕಲಿನ ಮಾತೇ ಆಡುತ್ತಿದ್ದೀರಿ. ನಾನು ಇಪ್ಪತ್ತೆರಡು ವರ್ಷದಿಂದ ಬೋರ್ಡು ಜೋಡಿಸುವ ಲೈನಿನಲ್ಲಿದ್ದೇನೆ. ನನಗೆ ಬೇರೆ ಅನುಮಾನ. ತೋಪಿನವರೇ, ನಿಮ್ಮ 2,200ರ ಲೆಕ್ಕ ಇಲ್ಲಿ ಹಾಕಿ. ಒಂದು ಪೈಸೆ ಬಿಡಬೇಡಿ. ನಿಮ್ಮ ಸ್ವಂತ ಕೂಲಿಯನ್ನೂ ಸೇರಿಸಿ.

ತೆಂಗಿನತೋಪು (ತಿಪಟೂರು)

ಹಾಕುತ್ತೇನೆ ಸರ್. ಫೋರ್‌ಜಿ ಮಾಡ್ಯೂಲ್, ಮೈಕ್ರೋಕಂಟ್ರೋಲರ್, ಆಪ್ಟೋಕಪ್ಲರ್, ಪವರ್ ಸಪ್ಲೈ, ವೇರಿಸ್ಟರ್ ಎಲ್ಲ ಸೇರಿ 1,310. ಖಾಲಿ ಬೋರ್ಡು 70. ಪೆಟ್ಟಿಗೆ, ವೈರ್ ತೂರಿಸುವ ಗ್ಲ್ಯಾಂಡ್, ಟರ್ಮಿನಲ್ 240. ಕೊರಿಯರ್ 90. ನನ್ನ ಕೂಲಿ ಸೇರಿಸಿಲ್ಲ. ಸೋಲ್ಡರ್ ಮಾಡಲು ಮುಕ್ಕಾಲು ಗಂಟೆ, ಪರೀಕ್ಷೆಗೆ ಅರ್ಧ ಗಂಟೆ. ಹನ್ನೆರಡರಲ್ಲಿ ಒಂದು ಕೆಟ್ಟು ವಾಪಸ್ ಬರುತ್ತದೆ, ಹೊಸದು ಕೊಡುತ್ತೇನೆ. ಹತ್ತಿರದ ಊರುಗಳಿಗೆ ನಾನೇ ಹೋಗಿ ಕೂರಿಸಿಕೊಟ್ಟಿದ್ದೇನೆ, ಅದಕ್ಕೆ ದುಡ್ಡು ತೆಗೆದುಕೊಂಡಿಲ್ಲ.

ಎರಡನೇಪಾಳಿ (ಪೀಣ್ಯ)

ಸಿಕ್ಕಿತು. ಸಾಮಾನು 1,620. ನಿಮ್ಮ ಒಂದೂಕಾಲು ಗಂಟೆಗೆ ಗಂಟೆಗೆ 200ರಂತೆ 250 ಹಾಕೋಣ. ಎಲೆಕ್ಟ್ರಿಷಿಯನ್ ಇದಕ್ಕಿಂತ ಕಡಿಮೆಗೆ ಬರುವುದಿಲ್ಲ. ಕೊರಿಯರ್ 90. ಹನ್ನೆರಡರಲ್ಲಿ ಒಂದು ಬದಲಿಸುವ ಖರ್ಚನ್ನು ಎಲ್ಲದರ ಮೇಲೆ ಹಂಚಿದರೆ, ಹೋಗಿ ಬರುವ ಕೊರಿಯರ್ ಸೇರಿ, ಪೀಸಿಗೆ 150. ಒಟ್ಟು 2,110. ನೀವು ಮಾರಿದ್ದು 2,200ಕ್ಕೆ.

ಒಂದು ಬೋರ್ಡಿಗೆ ನಿಮಗೆ ಉಳಿದದ್ದು 90 ರೂಪಾಯಿ. 64ಕ್ಕೆ 5,760. ನೀವು ಊರೂರಿಗೆ ಹೋದ ಪೆಟ್ರೋಲಿಗೆ ಅದು ಸಾಲುವುದಿಲ್ಲ. ನಕಲು ಮಾಡಿದವರು ನಿಮ್ಮ ಜೇಬಿನಿಂದ ಏನೂ ಕಸಿದಿಲ್ಲ, ಯಾಕೆಂದರೆ ಜೇಬಿಗೆ ಏನೂ ಬಿದ್ದೇ ಇರಲಿಲ್ಲ. ನಕಲು ಬಾರದೇ ಇದ್ದಿದ್ದರೆ ನೀವು ಇನ್ನೂ ಎರಡು ವರ್ಷ ಹೀಗೇ ಪುಕ್ಕಟೆ ದುಡಿಯುತ್ತಿದ್ದಿರಿ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ತಮ್ಮನಿಗೆ ಹೇಳುವಂತೆ ಹೇಳುತ್ತಿದ್ದೇನೆ.

ಬೋರ್ಡು ಮಾಡಿ ಮಾರುವವರಲ್ಲಿ ಒಂದು ಹಳೆಯ ಲೆಕ್ಕ ಇದೆ. ಮಾಡಿದವರಿಗೆ ಖರ್ಚಿನ ಮೇಲೆ ಅರ್ಧ, ಮಾರುವ ಅಂಗಡಿಗೆ ಅದರ ಮೇಲೆ ಇನ್ನರ್ಧ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ 2.25. ನಿಮ್ಮ 1,620ಕ್ಕೆ ಅದು 3,645 ಆಗುತ್ತದೆ. ಅಂಗಡಿ ಇಲ್ಲದೆ ನೇರ ಮಾರಿದರೂ 2,900ಕ್ಕಿಂತ ಕೆಳಗೆ ಇಳಿಯಬೇಡಿ. ಜಿಎಸ್‌ಟಿ ಬೇರೆ. ರಾಜ್ಯದ ಹೊರಗೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕೇ ಬೇಕು, ಅದನ್ನು ಮರೆಯಬೇಡಿ. ನೂರರ ಲಾಟಿನಲ್ಲಿ ಮಾಡಿಸಿದರೆ ಜೋಡಿಸುವ ಖರ್ಚು ಇಳಿಯುತ್ತದೆ, ಸೋಲ್ಡರ್ ತಪ್ಪಿನಿಂದ ವಾಪಸ್ ಬರುವುದೂ ಇಳಿಯುತ್ತದೆ.

ನಿಲ್ದಾಣ4 (ಬೆಂಗಳೂರು)

ಪಕ್ಕದ ಅಂಗಡಿಯಲ್ಲಿ 1,500ಕ್ಕೆ ಸಿಗುವಾಗ 2,900 ಯಾರು ಕೊಡುತ್ತಾರೆ?

ಎರಡನೇಪಾಳಿ (ಪೀಣ್ಯ)

ಕೊಳವೆಬಾವಿಯಿಂದ ಮೋಟರ್ ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಲು ಎಷ್ಟಾಗುತ್ತದೆ ಅಂತ ಯಾವ ರೈತರನ್ನಾದರೂ ಕೇಳಿ. ಒಂದು ಫೇಸ್ ಹೋದಾಗ ಸ್ಟಾರ್ಟರಿನ ರಿಲೇ ಕೈಕೊಟ್ಟು ಮೋಟರ್ ಸುಟ್ಟುಕೊಂಡವರಿಗೆ ಆ ಎರಡು ಮಿಸ್ಡ್ ಕಾಲಿನ ಬೆಲೆ ಗೊತ್ತು. 1,500ರ ನಕಲು ಮೊದಲ ಮಳೆಯ ಸಿಡಿಲಿಗೆ ಸುಟ್ಟಿದೆ. ತೋಪಿನವರದು ಸುಟ್ಟಿಲ್ಲ. ಇದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು. ನಮ್ಮ ಹುಡುಗರು ಹೇಳಲು ನಾಚುತ್ತಾರೆ.

ಇನ್ನೊಂದು ಮಾತು. ಹದಿನಾಲ್ಕು ಜನ ಬೈಯಲು ಫೋನ್ ಮಾಡಿದರಲ್ಲ, ಅವರೆಲ್ಲ ಈ ವಸ್ತುವಿಗೆ ದುಡ್ಡು ಕೊಟ್ಟವರು. ಇಂಥ ಬೋರ್ಡು ಬೇಕು ಅಂತ ಅವರಿಗೆ ನೀವು ಹೇಳಿಕೊಡಬೇಕಾಗಿಲ್ಲ. ಅವರಿಗೆ ವಾಪಸ್ ಫೋನ್ ಮಾಡಿದಿರಾ?

ಕರಡುಪ್ರತಿ (ಹುಬ್ಬಳ್ಳಿ)

ಕಾನೂನಿನ ಕಡೆಯಿಂದ ಸ್ವಲ್ಪ. ನಾನು ಟ್ರೇಡ್‌ಮಾರ್ಕ್ ಅರ್ಜಿಗಳ ಕೆಲಸ ಮಾಡುತ್ತೇನೆ.

ಸಾಫ್ಟ್‌ವೇರಿನಲ್ಲಿ ಲೈಸೆನ್ಸ್ (ಬಳಸುವವರಿಗೆ ಹಾಕುವ ಷರತ್ತು) ಗಟ್ಟಿ, ಯಾಕೆಂದರೆ ಕೋಡ್ ಬರೆದ ತಕ್ಷಣ ಕಾಪಿರೈಟ್ ಬಂದುಬಿಡುತ್ತದೆ. ಬೋರ್ಡಿನಲ್ಲಿ ಹಾಗಲ್ಲ. ನೀವು ಬಿಡಿಸಿದ ಫೈಲಿಗೆ ಕಾಪಿರೈಟ್ ಇದೆ, ಸರ್ಕ್ಯೂಟ್ ಮಾಡುವ ಕೆಲಸಕ್ಕೆ ಇಲ್ಲ. ಅದೇ ಕೆಲಸ ಮಾಡುವ ಬೋರ್ಡನ್ನು ತಾವೇ ಹೊಸದಾಗಿ ಬಿಡಿಸಿದವರನ್ನು ಕಾಪಿರೈಟ್ ತಡೆಯುವುದಿಲ್ಲ. ಕೆಲಸಕ್ಕೆ ರಕ್ಷಣೆ ಬೇಕಿದ್ದರೆ ಪೇಟೆಂಟ್ ಬೇಕು. ಪೇಟೆಂಟ್ ಆಗಲಿ, ಪೆಟ್ಟಿಗೆಯ ಆಕಾರಕ್ಕೆ 2000ದ ವಿನ್ಯಾಸ ಕಾಯ್ದೆಯ ನೋಂದಣಿ ಆಗಲಿ, ಜಗತ್ತಿಗೆ ತೋರಿಸುವ ಮೊದಲು ಅರ್ಜಿ ಹಾಕಬೇಕು. ನೀವು ತೋರಿಸಿ ಎರಡು ವರ್ಷವಾಗಿದೆ. ಆ ಬಾಗಿಲು ಮುಚ್ಚಿದೆ.

ತೆರೆದಿರುವ ಬಾಗಿಲು ಎರಡು. ಒಂದು, ಮುಂದಿನ ಆವೃತ್ತಿಗೆ ಸರಿಯಾದ ಲೈಸೆನ್ಸ್ ಹಾಕಿ. ಜಿನೀವಾದ ಸರ್ನ್ ಪ್ರಯೋಗಾಲಯ ಹಾರ್ಡ್‌ವೇರಿಗಾಗಿಯೇ 2011ರಲ್ಲಿ ಒಂದು ಲೈಸೆನ್ಸ್ ಬರೆಯಿತು. 2020ರ ಎರಡನೇ ಆವೃತ್ತಿಯಲ್ಲಿ ಅದಕ್ಕೆ ಮೂರು ರೂಪ ಇವೆ. ಅದರಲ್ಲಿ ಎಸ್ ಅನ್ನುವ ರೂಪ ತೆಗೆದುಕೊಂಡರೆ, ನಿಮ್ಮ ನಕ್ಷೆಯನ್ನು ಬದಲಿಸಿ ಮಾಡಿ ಮಾರುವವರು ತಮ್ಮ ಬದಲಾವಣೆಯನ್ನೂ ಹೊರಗಿಡಬೇಕು. ‘ಮಾರಬಾರದು’ ಅನ್ನುವ ಷರತ್ತು ಮಾತ್ರ ಹಾಕಬೇಡಿ. ಹಾಕಿದರೆ ಅದನ್ನು ಓಪನ್ ಸೋರ್ಸ್ ಹಾರ್ಡ್‌ವೇರ್ ಅಂತ ಕರೆಯುವಂತಿಲ್ಲ, ಆ ವ್ಯಾಖ್ಯೆಯಲ್ಲೇ ಮಾರಾಟಕ್ಕೆ ಅವಕಾಶ ಇರಬೇಕು ಅಂತ ಇದೆ.

ಎರಡನೆಯದು ಹೆಸರು. ನನ್ನ ಪ್ರಕಾರ ಇದೇ ಮುಖ್ಯ. ಆರ್ಡುಯಿನೋದವರು ಮಾಡಿದ್ದು ಇದನ್ನೇ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಶುರುವಾದಾಗಿನಿಂದ ಬೋರ್ಡಿನ ನಕ್ಷೆ ಕೊಟ್ಟರು, ಹೆಸರು ಕೊಡಲಿಲ್ಲ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅವರ ಬೋರ್ಡು ಬೇಕು ಅಂತ ‘ಯೂನೋ ಕೊಡಿ’ ಅಂದರೆ ‘ಒರಿಜಿನಲ್ಲಾ, ಚೈನಾನಾ’ ಅಂತ ಕೇಳುತ್ತಾರಲ್ಲ, ಆ ‘ಒರಿಜಿನಲ್’ ಅನ್ನುವ ಪದದಲ್ಲೇ ಅವರ ಸಂಪಾದನೆ ಇದೆ. ಹೆಸರಿಗೆ ಎಷ್ಟು ಬೆಲೆ ಅಂದರೆ, ಸ್ಥಾಪಕರೊಳಗೇ ಅದಕ್ಕಾಗಿ ಜಗಳವಾಗಿ ಕೋರ್ಟಿಗೆ ಹೋಗಿ 2016ರಲ್ಲಿ ರಾಜಿಯಾಯಿತು. ನಡುವೆ ಒಂದಷ್ಟು ಕಾಲ ಅಮೆರಿಕದ ಹೊರಗೆ ‘ಜೆನುಯಿನೋ’ ಅಂತ ಬೇರೆ ಹೆಸರಿನಲ್ಲಿ ಮಾರಬೇಕಾಯಿತು. ಯಾರೂ ನಕ್ಷೆಗಾಗಿ ಕಿತ್ತಾಡಲಿಲ್ಲ ನೋಡಿ! 2025ರ ಅಕ್ಟೋಬರಿನಲ್ಲಿ ಚಿಪ್ ಮಾಡುವ ದೊಡ್ಡ ಕಂಪನಿ ಕ್ವಾಲ್‌ಕಾಮ್ ಆ ಕಂಪನಿಯನ್ನೇ ಕೊಳ್ಳುವುದಾಗಿ ಹೇಳಿತು. ನಕ್ಷೆ ಪುಕ್ಕಟೆ ಸಿಗುವ ಕಂಪನಿಗೆ ದುಡ್ಡು ಕೊಡುವುದು ಆ ಹೆಸರಿಗೆ ಮತ್ತು ಅದರ ಸುತ್ತ ಇರುವ ಜನರಿಗೆ.

ನಮ್ಮಲ್ಲಿ ಒಬ್ಬ ವ್ಯಕ್ತಿಯೋ ಸಣ್ಣ ಉದ್ದಿಮೆಯೋ ಹೆಸರಿನ ಟ್ರೇಡ್‌ಮಾರ್ಕಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಎಲೆಕ್ಟ್ರಾನಿಕ್ಸ್ ಬರುವುದು 9ನೇ ವರ್ಗದಲ್ಲಿ. ‘ಫೇಸ್ ಅಲಾರಂ’ ಅಂತ ಇಟ್ಟರೆ ಸಿಗುವುದಿಲ್ಲ, ಅದು ವಸ್ತುವಿನ ವರ್ಣನೆ. ಸ್ವಂತದ್ದೊಂದು ಹೆಸರು ಹುಡುಕಿ.

ಬಿಸಿಲಕೋಣೆ (ಪ್ರಾಗ್)

ನಾನು ದಾವಣಗೆರೆಯವನು, ಈಗ ಪ್ರಾಗ್‌ನಲ್ಲಿ ಕೆಲಸ. ಹಾಗಾಗಿ ಇಲ್ಲಿಯ ಕಥೆ ಹೇಳದೆ ಇರಲು ಮನಸ್ಸಾಗುತ್ತಿಲ್ಲ. ಇಲ್ಲಿನ ಯೋಸೆಫ್ ಪ್ರೂಶಾ ತ್ರೀಡಿ ಪ್ರಿಂಟರ್ ಮಾಡಲು ಶುರು ಮಾಡಿದ್ದು ರೆಪ್‌ರ್ಯಾಪ್ ಅನ್ನುವ ಮುಕ್ತ ಯೋಜನೆಯಿಂದ. ಅದನ್ನು 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ ಹುಟ್ಟುಹಾಕಿದರು. ಪ್ರೂಶಾ 2012ರಲ್ಲಿ ಕಂಪನಿ ಕಟ್ಟಿದರು. ಅವರ ಐ3 ವಿನ್ಯಾಸವನ್ನು ನಕಲು ಮಾಡದ ದೇಶವೇ ಇಲ್ಲ. ಆದರೂ ಕಂಪನಿ ಬೆಳೆಯಿತು. ಅವರ ಪ್ರಿಂಟರಿನ ಪ್ಲಾಸ್ಟಿಕ್ ಭಾಗಗಳನ್ನು ಅವರದೇ ನೂರಾರು ಪ್ರಿಂಟರ್‌ಗಳು ಹಗಲು ರಾತ್ರಿ ಅಚ್ಚು ಹಾಕುತ್ತವೆ. ಹಳೆಯ ಪ್ರಿಂಟರನ್ನು ಹೊಸದಕ್ಕೆ ಏರಿಸಲು ಕಿಟ್ ಮಾರುತ್ತಾರೆ. ಅದು ನನಗೆ ತುಂಬಾ ಹಿಡಿಸಿದ ವಿಷಯ: ಒಮ್ಮೆ ಕೊಂಡ ಗಿರಾಕಿ ಮತ್ತೆ ಬರುತ್ತಾರೆ.

ಆದರೆ ಪೂರ್ತಿ ಕಥೆ ಹೇಳಬೇಕು. 2023ರಲ್ಲಿ ಪ್ರೂಶಾ ಅವರೇ ಒಂದು ದೊಡ್ಡ ಬರಹ ಹಾಕಿ, ಈ ದಾರಿ ಕಷ್ಟವಾಗುತ್ತಿದೆ ಅಂದರು. ಎಲ್ಲರ ಕೆಲಸ ಬಳಸಿಕೊಂಡು ತಮ್ಮದನ್ನು ಕೊಡದ, ಅದರ ಮೇಲೆ ಪೇಟೆಂಟ್ ಕೂಡ ಹಾಕುವ ಕಂಪನಿಗಳು ಬಂದಿವೆ ಅನ್ನುವುದು ಅವರ ದೂರು. ಆಮೇಲೆ ಬಂದ ಪ್ರಿಂಟರ್‌ಗಳಲ್ಲಿ ಎಲೆಕ್ಟ್ರಾನಿಕ್ಸ್ ಫೈಲುಗಳನ್ನು ಮೊದಲಿನಂತೆ ಬಿಟ್ಟುಕೊಡಲಿಲ್ಲ. ಹತ್ತು ವರ್ಷ ಮುಕ್ತವಾಗಿ ನಡೆದವರಿಗೇ ಹಾಗನ್ನಿಸಿತು ಅಂದರೆ ತೋಪಿನವರ ನೋವು ಸಣ್ಣದಲ್ಲ.

ಮಿಣುಕುಹುಳು (ಹೊಸೂರು)

ಅದನ್ನು ಹೇಳಿದ್ದಕ್ಕೆ ಥ್ಯಾಂಕ್ಸ್. ಇನ್ನೊಂದನ್ನೂ ಸೇರಿಸುತ್ತೇನೆ. ಅಮೆರಿಕದ ಕೊಲರಾಡೋದ ತ್ರೀಡಿ ಪ್ರಿಂಟರ್ ಕಂಪನಿ ಲುಲ್ಜ್‌ಬಾಟ್. ಪ್ರೂಶಾಗಿಂತಲೂ ನಿಷ್ಠೆಯವರು, ಒಂದು ಸ್ಕ್ರೂವಿನ ವಿವರವನ್ನೂ ಮುಚ್ಚಿಡಲಿಲ್ಲ. ಬಳಕೆದಾರರ ಸ್ವಾತಂತ್ರ್ಯ ಗೌರವಿಸುತ್ತದೆ ಅಂತ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2012ರಲ್ಲಿ ಮೊದಲ ಮುದ್ರೆ ಒತ್ತಿದ್ದೇ ಅವರ ಪ್ರಿಂಟರಿಗೆ. 2019ರಲ್ಲಿ ಬಹುಪಾಲು ಜನರನ್ನು ಮನೆಗೆ ಕಳಿಸಿದರು. ಬೇರೆಯವರು ಕೊಂಡು ಬೇರೆ ಊರಿಗೆ ಒಯ್ದರು. ಒಳ್ಳೆಯವರಾಗಿದ್ದರೆ ಸಾಲದು ಅಂತ ಹೇಳಲು ಇದನ್ನು ಬರೆದೆ. ಇನ್ನೊಂದು ಕಡೆ, ಮೇಕರ್‌ಬಾಟ್ ಅನ್ನುವ ಪ್ರಿಂಟರ್ ಕಂಪನಿ 2012ರಲ್ಲಿ ತನ್ನ ನಕ್ಷೆ ಕೊಡುವುದನ್ನು ನಿಲ್ಲಿಸಿತು. ಮರುವರ್ಷ ಸ್ಟ್ರಾಟಸಿಸ್ ಅನ್ನುವ ದೊಡ್ಡ ಪ್ರಿಂಟರ್ ಕಂಪನಿ ಅದನ್ನು 40 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡಿತು.

ಬಿಸಿಲಕೋಣೆ (ಪ್ರಾಗ್)

ಹೌದು, ಸ್ಥಾಪಕರಿಗೆ ದುಡ್ಡು ಬಂತು. ಆದರೆ ಅದನ್ನು ಕಟ್ಟಿದ್ದು ತಮ್ಮ ವಿನ್ಯಾಸಗಳನ್ನು ಹಂಚಿಕೊಂಡ ಸಾವಿರಾರು ಜನ. ಅವರು ಸಿಟ್ಟಾಗಿ ದೂರ ಸರಿದರು. ಇವತ್ತು ಹೊಸದಾಗಿ ಪ್ರಿಂಟರ್ ಕೊಳ್ಳುವವರ ಬಾಯಲ್ಲಿ ಮೇಕರ್‌ಬಾಟ್ ಹೆಸರು ಕೇಳುವುದೇ ಅಪರೂಪ.

ಕಪ್ಪುಹಲಗೆ (ಶಿವಮೊಗ್ಗ)

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ವ್ಯಾಪಾರ ಗೊತ್ತಿಲ್ಲ, ಆದರೆ ಮೂರನೆಯ ದಾರಿಯೊಂದನ್ನು ದಿನವೂ ನೋಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಎಕ್ಸ್‌ಪೈಸ್ ಅನ್ನುವ ಪುಟ್ಟ ಪೆಟ್ಟಿಗೆ ಇದೆ. ಕಂಪ್ಯೂಟರಿಗೆ ಚುಚ್ಚಿದರೆ ಆಸಿಲೋಸ್ಕೋಪ್, ಸಿಗ್ನಲ್ ಜನರೇಟರ್ ಎರಡೂ ಆಗುತ್ತದೆ. ಅದನ್ನು ಮಾಡಿದ್ದು ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಅಜಿತ್ ಕುಮಾರ್ ಅವರ ಫೀನಿಕ್ಸ್ ಯೋಜನೆ. ನಕ್ಷೆ ಮುಕ್ತ. ಖಾಸಗಿಯವರು ಮಾಡಿ ಮಾರುತ್ತಾರೆ, ಲಾಭವೂ ಇಟ್ಟುಕೊಳ್ಳುತ್ತಾರೆ. ವಿನ್ಯಾಸ ಮಾಡಿದವರ ಸಂಬಳವನ್ನು ಕೊಟ್ಟದ್ದು ಜನರ ತೆರಿಗೆ. ಕೆಪಾಸಿಟರ್ ಚಾರ್ಜ್ ಆಗುವ ಗೆರೆಯನ್ನು ಮೊದಲ ಸಲ ಪರದೆಯ ಮೇಲೆ ನೋಡಿದ ಹುಡುಗಿಯೊಬ್ಬಳು ‘ಮೇಡಂ, ಪುಸ್ತಕದಲ್ಲಿರೋ ಥರಾನೇ ಬಂತು’ ಅಂತ ಕೂಗಿದ್ದಳು. ಮುಚ್ಚಿದ ದುಬಾರಿ ಉಪಕರಣವಾಗಿದ್ದರೆ ಅದು ಬೀರುವಿನಲ್ಲಿ ಬೀಗ ಹಾಕಿಕೊಂಡಿರುತ್ತಿತ್ತು.

ತೋಪಿನವರೇ, ನಿಮ್ಮ ಬೋರ್ಡು ರೈತರ ನಿದ್ದೆಯ ವಿಷಯ. ಕೃಷಿ ವಿಶ್ವವಿದ್ಯಾಲಯದವರನ್ನೋ ರೈತ ಉತ್ಪಾದಕರ ಸಂಘದವರನ್ನೋ ಕೇಳಿದ್ದೀರಾ? ವಿನ್ಯಾಸಕ್ಕೆ ಒಮ್ಮೆ ಹಣ ಸಿಕ್ಕರೆ ಪ್ರತಿ ಬೋರ್ಡಿನ ಮೇಲೆ ಅದನ್ನು ಕೀಳಬೇಕಾಗುವುದಿಲ್ಲ.

ಎರಡನೇಪಾಳಿ (ಪೀಣ್ಯ)

ಮೇಡಂ ಹೇಳಿದ್ದು ಸರಿ. ನಾನು ಒಂದೇ ಒಂದು ಸೇರಿಸುತ್ತೇನೆ: ಪ್ಲಗ್ಗಿಗೆ ಚುಚ್ಚುವ ಅಡಾಪ್ಟರ್ ಜೊತೆಗೆ ಕೊಡುವಂತಿದ್ದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಇರುವುದನ್ನೇ ಕೊಂಡು ಕೊಡಿ, ನೀವೇ ಮಾಡಲು ಹೋಗಬೇಡಿ. ಸಂಘದವರು ಮೊದಲು ಕೇಳುವುದೇ ಆ ಕಾಗದ.

ತೆಂಗಿನತೋಪು (ತಿಪಟೂರು)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂರು ವಾರ ಓಡಾಟದಲ್ಲಿದ್ದೆ.

ಪೀಣ್ಯದ ಸರ್ ಹಾಕಿದ 90 ರೂಪಾಯಿ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ನಿಜ. ಆ ರಾತ್ರಿ ನಿದ್ದೆ ಬರಲಿಲ್ಲ, ಆದರೆ ಸಿಟ್ಟು ಇಳಿಯಿತು. ಸಿಟ್ಟು ಮಾಡಿಕೊಳ್ಳಬೇಕಾದದ್ದು ನನ್ನ ಲೆಕ್ಕದ ಪುಸ್ತಕದ ಮೇಲೆ.

ಹದಿನಾಲ್ಕೂ ಜನಕ್ಕೆ ಫೋನ್ ಮಾಡಿದೆ. ಬೋರ್ಡು ನನ್ನದಲ್ಲ, ನಕ್ಷೆ ನನ್ನದು, ತಪ್ಪು ಎಲ್ಲಿದೆ ಅಂತ ಹೇಳಿದೆ. ವೇರಿಸ್ಟರ್, ಫ್ಯೂಸ್ ಹೊರಗಿನಿಂದ ಹೇಗೆ ಸೇರಿಸಬಹುದು ಅಂತ ಚಿತ್ರ ಬರೆದು ವಾಟ್ಸಾಪ್ ಮಾಡಿದೆ, ದುಡ್ಡು ಕೇಳಲಿಲ್ಲ. ಐದು ಜನ ಹೊಸ ಬೋರ್ಡು ತೆಗೆದುಕೊಂಡರು, 2,900ಕ್ಕೆ, ಚೌಕಾಸಿ ಮಾಡದೆ. ಅದರಲ್ಲಿ ಇಬ್ಬರು ಎಲೆಕ್ಟ್ರಿಷಿಯನ್‌ಗಳು. ಈಗ ಅವರೇ ತಮ್ಮ ಕಡೆ ಕೂರಿಸಿಕೊಡುತ್ತಾರೆ, ಒಂದಕ್ಕೆ 300 ರೂಪಾಯಿ ಅವರಿಗೆ. ನಾನು ಬೈಕ್ ತೆಗೆಯುವುದು ನಿಂತಿದೆ.

ನಕಲು ಮಾರುತ್ತಿದ್ದ ಅಂಗಡಿಗೂ ಹೋಗಿದ್ದೆ. ಜಗಳಕ್ಕೆ ಅಂತಲೇ ಹೋದದ್ದು. ಅವರಿಗೆ ಯಾರೋ ತಂದುಕೊಟ್ಟದ್ದು, ಅದು ನನ್ನ ನಕ್ಷೆ ಅಂತ ಗೊತ್ತೇ ಇರಲಿಲ್ಲ. ವಾಪಸ್ ಬಂದ ಸುಟ್ಟ ಬೋರ್ಡುಗಳ ರಾಶಿ ತೋರಿಸಿದರು. ‘ಇದು ಬೇಡಪ್ಪ, ನಿಮ್ದೇ ಕೊಡಿ, ನನಗೆ ಏನು ಉಳಿಯುತ್ತೆ ಹೇಳಿ’ ಅಂದರು. ಅಂಗಡಿಯ ಬೆಲೆ 3,300 ಅಂತ ಮಾತಾಡಿದ್ದೇವೆ. ಹತ್ತು ಪೀಸ್ ಇಟ್ಟಿದ್ದಾರೆ, ಎರಡು ಹೋಗಿವೆ. ಬೇರೆ ಊರುಗಳಲ್ಲಿ ನಕಲು ಇನ್ನೂ ಮಾರಾಟವಾಗುತ್ತಿದೆ. ಅದನ್ನು ನಿಲ್ಲಿಸಲು ನನ್ನಿಂದ ಆಗುವುದಿಲ್ಲ.

ಮುಂದಿನ ಆವೃತ್ತಿಯ ಫೈಲುಗಳನ್ನು ನಿನ್ನೆ ಹಾಕಿದೆ, ಸರ್ನ್‌ನ ಎಸ್ ಲೈಸೆನ್ಸಿನಲ್ಲಿ. ಮೊದಲ ಎರಡು ಆವೃತ್ತಿಗಳ ಪುಟದ ತಲೆಯಲ್ಲಿ ‘ಇದರಲ್ಲಿ ಸರ್ಜ್ ರಕ್ಷಣೆ ಇಲ್ಲ, ಇದನ್ನು ಮಾಡಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಕಲು ಮಾಡುವವರು ಕೊನೆಗೆ ಒಳ್ಳೆಯದನ್ನಾದರೂ ನಕಲು ಮಾಡಲಿ, ಯಾರದೋ ತೋಟದಲ್ಲಿ ಕೂರುವ ವಸ್ತು ಅದು. ಹೆಸರಿನ ಅರ್ಜಿಯನ್ನು ಕರಡುಪ್ರತಿಯವರು ಬರೆದುಕೊಡುತ್ತಿದ್ದಾರೆ. ಅಮ್ಮ ಸೂಚಿಸಿದ ಹೆಸರು, ಅರ್ಜಿ ಹೋದ ಮೇಲೆ ಇಲ್ಲಿ ಹೇಳುತ್ತೇನೆ. ಬೋರ್ಡಿನ ಮೇಲೆ ಫೋನ್ ನಂಬರ್ ಹಾಗೇ ಉಳಿಸಿದ್ದೇನೆ.

ಮಿಣುಕುಹುಳು ಅವರೇ, ನಿಮ್ಮ ಮಾತು ನನ್ನ ತಲೆಯಲ್ಲಿ ಇನ್ನೂ ಇದೆ. ದೊಡ್ಡವರು ಯಾರಾದರೂ ಹತ್ತು ಸಾವಿರ ಪೀಸ್ ಒಳ್ಳೆಯ ಗುಣಮಟ್ಟದಲ್ಲೇ ಮಾಡಿಬಿಟ್ಟರೆ ನಾನು ಏನು ಮಾಡುತ್ತೇನೋ ಗೊತ್ತಿಲ್ಲ. ಈ ಮೂರು ವಾರದಲ್ಲಿ ಒಟ್ಟು ಹೋದದ್ದು ಏಳು. ಇದರಿಂದಲೇ ಮನೆ ನಡೆಯುವುದಿಲ್ಲ, ತೋಟ ಇರುವುದರಿಂದ ನಡೆಯುತ್ತಿದೆ.

ಒಂದು ಸಹಾಯ ಬೇಕು. ಹೊಸ ಆವೃತ್ತಿಯ ಹತ್ತು ಬೋರ್ಡು ಪರೀಕ್ಷೆಗೆ ಅಂತ ಇಟ್ಟಿದ್ದೇನೆ. ಮುಂಗಾರಿಗೆ ಮೊದಲು ಸಿಡಿಲು ಜಾಸ್ತಿ ಬಡಿಯುವ ಕಡೆ ಕೂರಿಸಿ ನೋಡಬೇಕು. ಚಳ್ಳಕೆರೆ, ಹಿರಿಯೂರು, ಸಿರಾ ಕಡೆ ಕೊಳವೆಬಾವಿ ಇರುವವರು ಯಾರಾದರೂ ಇದ್ದರೆ ಇಲ್ಲಿ ಬರೆಯಿರಿ, ಕೊರಿಯರ್ ಖರ್ಚು ನನ್ನದು. ಸುಟ್ಟರೆ ಸುಟ್ಟ ಬೋರ್ಡು ವಾಪಸ್ ಕಳಿಸಬೇಕು, ಅಷ್ಟೇ ಷರತ್ತು.

ಮಿಣುಕುಹುಳು (ಹೊಸೂರು)

ನಮ್ಮ ಮಾವನ ತೋಟ ಹಿರಿಯೂರು ಹತ್ತಿರ ಇದೆ. ಎರಡು ಕಳಿಸಿ. ನಾನೇ ಹೋಗಿ ಕೂರಿಸುತ್ತೇನೆ. ವೇರಿಸ್ಟರ್ ಯಾವ ವೋಲ್ಟೇಜಿನದು ಹಾಕಿದ್ದೀರಿ? ಫೇಸ್‌ನಿಂದ ನ್ಯೂಟ್ರಲ್‌ಗೆ ಮಾತ್ರ ಇದೆಯಾ, ಅರ್ತ್‌ಗೂ ಇದೆಯಾ?